ಕಾಡಿಗೆ ಮರಳಬೇಕಾದ ಜೀವಕ್ಕೆ ಆರೈಕೆ: ಓದುಗರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಗಾಯಗೊಂಡ ಅಥವಾ ತಾಯಿಯನ್ನು ಕಳೆದುಕೊಂಡ ಕಾಡುಪ್ರಾಣಿಗಳ ಆರೈಕೆಯನ್ನು ಕಲಿಯುವ ಬಗ್ಗೆ ಪ್ರಶ್ನೆಗಳಿದ್ದರೆ ಬರೆದು ಕಳುಹಿಸಿ ಎಂದು ಕಳೆದ ತಿಂಗಳ ಅಂಕಣದಲ್ಲಿ ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತವೆ: ಕಣ್ಣೆದುರಿಗೆ ನರಳುತ್ತಿರುವ ಜೀವಕ್ಕೆ ನಾವು ಏನು ಮಾಡಬಹುದು? ಇಪ್ಪತ್ತು ವರ್ಷಕ್ಕೂ ಮೀರಿ ಈ ಕೆಲಸ ಮಾಡುತ್ತ, ಹೊಸಬರಿಗೆ ಕಲಿಸುತ್ತ ಬಂದಿರುವ ನಾನು ಮೊದಲು ಹೇಳಬೇಕಾದದ್ದು ಇಷ್ಟು: ಈ ವಿದ್ಯೆಯಲ್ಲಿ ಅರ್ಧ ಭಾಗ ಕೈ ಹಾಕುವುದನ್ನು ಕಲಿಯುವುದಾದರೆ, ಇನ್ನರ್ಧ ಭಾಗ ಕೈ ಹಿಂದೆಗೆದುಕೊಳ್ಳುವುದನ್ನು ಕಲಿಯುವುದು. ನಾವು ಹಾಲೂಡಿಸಿ ಬೆಳೆಸಿದ ಮರಿ ದೊಡ್ಡದಾದ ಮೇಲೆ ನಮ್ಮನ್ನು ಕಂಡರೆ ಹೆದರಿ ಓಡುವಂತಿರಬೇಕು. ಹಾಗಿದ್ದರೆ ಮಾತ್ರ ಅದು ಕಾಡಿನಲ್ಲಿ ಉಳಿಯುತ್ತದೆ.

ಪ್ರಶ್ನೆ: ನಾನು ಬಿ.ಎಸ್ಸಿ. ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ವನ್ಯಜೀವಿ ಪುನರ್ವಸತಿಯನ್ನೇ ವೃತ್ತಿ ಮಾಡಿಕೊಳ್ಳಬೇಕೆಂಬ ಆಸೆ ಇದೆ. ಯಾವ ಕೋರ್ಸ್ ಸೇರಬೇಕು? ನಿಜವಾದ ತರಬೇತಿ ಹೇಗಿರುತ್ತದೆ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಶಸ್ತ್ರಚಿಕಿತ್ಸೆ, ಅರಿವಳಿಕೆ, ಔಷಧ ಇವೆಲ್ಲ ಪಶುವೈದ್ಯರೇ ಮಾಡಬೇಕಾದ ಕೆಲಸಗಳು. ಅದಕ್ಕೆ ಬಿ.ವಿ.ಎಸ್ಸಿ. ಪದವಿ ಬೇಕು, ಇಂಟರ್ನ್‌ಶಿಪ್ ಸೇರಿ ಅದು ಐದೂವರೆ ವರ್ಷದ ಓದು. ಆದರೆ ಒಂದು ಪುನರ್ವಸತಿ ಕೇಂದ್ರ ನಡೆಯುವುದು ವೈದ್ಯರೊಬ್ಬರಿಂದಲ್ಲ. ಮರಿಗಳಿಗೆ ಹಾಲೂಡಿಸುವವರು, ಪಂಜರ ತೊಳೆಯುವವರು, ದಾಖಲೆ ಬರೆಯುವವರು, ಬಿಡುಗಡೆಗೆ ತಕ್ಕ ಜಾಗ ಹುಡುಕುವ ಕ್ಷೇತ್ರಜೀವಶಾಸ್ತ್ರಜ್ಞರು ಇವರೆಲ್ಲರೂ ಬೇಕು. ನಿಮ್ಮ ಪ್ರಾಣಿಶಾಸ್ತ್ರದ ಓದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಮುಂದೆ ಓದುವುದಾದರೆ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ಪದವಿ ಇದೆ. ಅಂತರರಾಷ್ಟ್ರೀಯ ವನ್ಯಜೀವಿ ಪುನರ್ವಸತಿ ಮಂಡಳಿ ಎಂಬ ಸಂಸ್ಥೆ 1972ರಿಂದ ಕೆಲಸ ಮಾಡುತ್ತಿದ್ದು, ಪ್ರಾಥಮಿಕ ಹಂತದ ತರಗತಿಗಳನ್ನೂ ಪ್ರಮಾಣಪತ್ರವನ್ನೂ ನೀಡುತ್ತದೆ. ಇವು ಯಾವುವೂ ಕೈಕೆಲಸಕ್ಕೆ ಬದಲಿಯಾಗುವುದಿಲ್ಲ. ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ವನ್ಯಜೀವಿ ಆಸ್ಪತ್ರೆ, ಬನ್ನೇರುಘಟ್ಟದ ರಕ್ಷಣಾ ಕೇಂದ್ರ, ಮೈಸೂರು ಮೃಗಾಲಯದ ಕೂರ್ಗಳ್ಳಿ ಪುನರ್ವಸತಿ ಕೇಂದ್ರ ಇಂಥ ಕಡೆಗಳಲ್ಲಿ ವಿಚಾರಿಸಿ, ಅನುಮತಿ ಸಿಕ್ಕಿದ ಕಡೆ ಕೆಲವು ತಿಂಗಳಾದರೂ ಕೆಲಸ ಮಾಡಿ ನೋಡಿ.

ತರಬೇತಿ ಹೇಗಿರುತ್ತದೆ ಎಂದು ಕೇಳಿದ್ದೀರಿ. ನನ್ನ ಬಳಿಗೆ ಬರುವವರಿಗೆ ಮೊದಲ ಎರಡು ವಾರ ನಾನು ಪ್ರಾಣಿಯನ್ನು ಮುಟ್ಟಲು ಬಿಡುವುದಿಲ್ಲ. ಪರಂಗಿಹಣ್ಣು ಹೆಚ್ಚುವುದು, ಪಂಜರದಲ್ಲಿ ಹಾಸಿದ ಹಳೆಯ ಪತ್ರಿಕೆಯನ್ನು ಬದಲಿಸುವುದು, ಬದಲಿಸುವ ಮುನ್ನ ಹಿಕ್ಕೆಯ ಬಣ್ಣ, ಗಟ್ಟಿತನ ಮತ್ತು ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುವುದು ಇಷ್ಟೇ ಅವರ ಕೆಲಸ. ಕಾಡುಪ್ರಾಣಿ ತನ್ನ ನೋವನ್ನು ತೋರಿಸಿಕೊಳ್ಳುವುದಿಲ್ಲ. ತೋರಿಸಿಕೊಂಡರೆ ಬೇಟೆಗಾರ ಪ್ರಾಣಿಯ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಮುಟ್ಟದೆ ನೋಡಿ ತಿಳಿಯುವ ಕಣ್ಣು ಮೊದಲು ಬರಬೇಕು. ಗೂಬೆಯೊಂದು ರಾತ್ರಿ ತಿಂದ ಇಲಿಯ ಮೂಳೆ ಮತ್ತು ರೋಮವನ್ನು ಉಂಡೆ ಕಟ್ಟಿ ಬೆಳಿಗ್ಗೆ ಬಾಯಿಂದ ಹೊರಹಾಕಿದ್ದರೆ ಅದರ ಜೀರ್ಣಾಂಗ ಸರಿಯಾಗಿದೆ ಎಂದರ್ಥ. ಪಂಜರದ ಮೂಲೆಯಲ್ಲಿ ಆ ಉಂಡೆಯನ್ನು ಕಂಡಾಗ ಸಂತೋಷಪಡುವ ಹುಡುಗ ಹುಡುಗಿಯರು ಮುಂದೆ ಒಳ್ಳೆಯ ಆರೈಕೆಗಾರರಾಗಿರುವುದನ್ನು ನಾನು ಕಂಡಿದ್ದೇನೆ.

ಆಮೇಲೆ ಬರುವುದು ಕ್ರಮ. ಯಾವ ಪ್ರಾಣಿ ಬಂದರೂ ಮೊದಲು ಬಿಸುಪು, ನಂತರ ನೀರಿನಂಶ, ಕೊನೆಗೆ ಆಹಾರ. ತಣ್ಣಗಾದ ಮೈಗೆ ಹಾಲು ಕುಡಿಸಿದರೆ ಅದು ಹೊಟ್ಟೆಯಲ್ಲಿ ಕರಗದೆ ಹಾಗೆಯೇ ಉಳಿದು ಕೆಡುತ್ತದೆ. ತೆಂಗಿನ ಗರಿ ಕಡಿಯುವಾಗ ಗೂಡಿನ ಸಮೇತ ಬಿದ್ದ, ಕಣ್ಣು ತೆರೆಯದ ಅಳಿಲುಮರಿಯನ್ನೇ ತೆಗೆದುಕೊಳ್ಳಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಅದರ ಪಕ್ಕದಲ್ಲಿಟ್ಟು, ಮರಿಯ ಹೊಟ್ಟೆ ನಿಮ್ಮ ಬೆರಳಿಗೆ ಬೆಚ್ಚಗೆ ತಾಗುವವರೆಗೆ ಬಾಯಿಗೆ ಏನನ್ನೂ ಹಾಕಬಾರದು. ಒಂದು ಸಲಕ್ಕೆ ಕುಡಿಸುವ ಪ್ರಮಾಣ ಮೈತೂಕದ ನೂರಕ್ಕೆ ಐದರಷ್ಟನ್ನು ಮೀರಬಾರದು, ಎಂದರೆ 40 ಗ್ರಾಂ ತೂಗುವ ಮರಿಗೆ 2 ಮಿಲಿ ಲೀಟರ್. ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಬಾಲದ ಬುಡವನ್ನು ಮೆಲ್ಲನೆ ಒರೆಸಬೇಕು. ತಾಯಿ ನೆಕ್ಕುವಂತೆ ಹೀಗೆ ಒರೆಸದಿದ್ದರೆ ಅಷ್ಟು ಎಳೆಯ ಮರಿಗೆ ಮೂತ್ರ ಬರುವುದೇ ಇಲ್ಲ. ಎಷ್ಟೋ ಮರಿಗಳು ಹಸಿವಿನಿಂದಲ್ಲ, ಇದು ತಿಳಿಯದವರ ಕೈಯಲ್ಲಿ ಸಾಯುತ್ತವೆ. ಪ್ರತಿದಿನ ಒಂದೇ ಹೊತ್ತಿಗೆ, ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆಯಬೇಕು. ನಿನ್ನೆ 40 ಇದ್ದದ್ದು ಇಂದು 38 ಆಗಿದ್ದರೆ, ಮರಿ ಎಷ್ಟೇ ಚುರುಕಾಗಿ ಕಂಡರೂ ಏನೋ ತಪ್ಪಿದೆ.

ಕಲಿಯಲು ತೀರಾ ಕಷ್ಟವಾದದ್ದು ಮೌನ. ಹಲವು ಜಾತಿಯ ಮರಿಗಳು ಬದುಕಿನ ಮೊದಲ ದಿನಗಳಲ್ಲಿ ಯಾರನ್ನು ಕಾಣುತ್ತವೋ ಅವರನ್ನೇ ತಮ್ಮ ಕುಲವೆಂದು ತಿಳಿದುಬಿಡುತ್ತವೆ. ಕಾನ್‌ರಾಡ್ ಲೊರೆನ್ಸ್ ಎಂಬ ವಿಜ್ಞಾನಿ ಹೆಬ್ಬಾತಿನ ಮರಿಗಳು ತನ್ನನ್ನೇ ತಾಯಿಯೆಂದು ಹಿಂಬಾಲಿಸಿದ್ದನ್ನು ವಿವರಿಸಿದ್ದು ಪ್ರಸಿದ್ಧವಾಗಿದೆ. ಅಮೆರಿಕದಲ್ಲಿ ಅಳಿವಿನಂಚಿನ ಕೊಕ್ಕರೆಯಂಥ ಕ್ರೇನ್ ಹಕ್ಕಿಯ ಮರಿಗಳನ್ನು ಸಾಕುವವರು ಇದೇ ಕಾರಣಕ್ಕೆ ಬಿಳಿಯ ನಿಲುವಂಗಿಯಿಂದ ಮೈಮುಚ್ಚಿಕೊಂಡು, ಹಕ್ಕಿಯ ತಲೆಯಾಕಾರದ ಕೈಗೊಂಬೆಯಿಂದ ಆಹಾರ ತಿನ್ನಿಸುತ್ತಿದ್ದರು. ನಾನು ಈ ವೃತ್ತಿಗೆ ಬಂದ ಹೊಸತರಲ್ಲಿ ಒಂದು ಕಾಡುಬೆಕ್ಕಿನ ಮರಿಯನ್ನು ಮಾತನಾಡಿಸುತ್ತ, ಸ್ಟೀಲ್ ಬಟ್ಟಲಿನಲ್ಲಿ ಊಟ ಕೊಟ್ಟು ಬೆಳೆಸಿದೆ. ಅದು ಬೇಟೆ ಕಲಿಯಿತು, ಮೈ ತುಂಬಿಕೊಂಡಿತು. ಆದರೆ ಎಲ್ಲಿಂದಲಾದರೂ ಬಟ್ಟಲಿನ ಸದ್ದು ಕೇಳಿದರೆ ಬಾಲ ನೆಟ್ಟಗೆ ಮಾಡಿ ಓಡಿಬರುತ್ತಿತ್ತು. ಬಿಟ್ಟರೆ ಅದು ಮೊದಲ ಹಳ್ಳಿಯ ಮೊದಲ ಹಿತ್ತಿಲಿಗೆ ಹೋಗಿ, ಪಾತ್ರೆ ತೊಳೆಯುವ ಸದ್ದಿಗೆ ನಾಯಿಗಳ ನಡುವೆ ಬಂದು ನಿಲ್ಲುತ್ತಿತ್ತು. ಅದರ ಆಯುಸ್ಸೆಲ್ಲ ಬೇಲಿಯೊಳಗೇ ಕಳೆಯಿತು. ತಪ್ಪು ನನ್ನದು. ಪ್ರತಿಯೊಂದು ತಂಡಕ್ಕೂ ನಾನು ಈ ವಿಷಯವನ್ನು ಹೇಳಿಯೇ ಪಾಠ ಆರಂಭಿಸುತ್ತೇನೆ.

ಕೆಲಸಕ್ಕೆ ಸೇರುವ ಮುನ್ನ ಹುಚ್ಚುನಾಯಿ ರೋಗದ ವಿರುದ್ಧ ಮುಂಜಾಗ್ರತೆಯ ಲಸಿಕೆಯನ್ನು ತಪ್ಪದೆ ಹಾಕಿಸಿಕೊಳ್ಳಿ. ಮುಂಗುಸಿ, ನರಿ, ಕಾಡುಬೆಕ್ಕು ಯಾವುದಾದರೂ ಆ ರೋಗವನ್ನು ಹೊತ್ತಿರಬಹುದು, ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.

ಪ್ರಶ್ನೆ: ನಮ್ಮ ಬಾಲ್ಕನಿಯ ಬಳ್ಳಿಯಲ್ಲಿ ಗೂಡು ಕಟ್ಟಿದ್ದ ಪಿಕಳಾರದ ಮರಿ ಕೆಳಗೆ ಬಿದ್ದಿತ್ತು. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂದು ಕೇಳಿದ್ದರಿಂದ ಒಳಗೆ ತಂದು ಫಿಲ್ಲರ್‌ನಲ್ಲಿ ಹಾಲು, ನೀರು ಹಾಕಿದೆ. ಮರುದಿನ ಸತ್ತುಹೋಯಿತು. ನಾನು ಮಾಡಿದ್ದು ತಪ್ಪೇ?
– ಗೃಹಿಣಿ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿರುವ ಸಂಕಟ ನನಗೆ ಅರ್ಥವಾಗುತ್ತದೆ. ನೀವು ಮಾಡಿದ್ದನ್ನೇ ನೂರಾರು ಮನೆಗಳಲ್ಲಿ ಮಾಡುತ್ತಾರೆ, ಯಾರಿಗೂ ಯಾರೂ ತಿಳಿಸಿ ಹೇಳಿಲ್ಲ. ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ನಂಬಿಕೆ ಸರಿಯಲ್ಲ. ಪಿಕಳಾರದಂಥ ಹಕ್ಕಿಗಳು ಮರಿಯನ್ನು ವಾಸನೆಯಿಂದ ಗುರುತಿಸುವುದಿಲ್ಲ. ಅದರ ಕೂಗು, ತೆರೆದ ಬಾಯಿ ಇವು ಸಾಕು. ಗರಿ ಮೂಡದ ಬೆತ್ತಲೆ ಮರಿಯಾದರೆ ಎತ್ತಿ ಗೂಡಿನಲ್ಲಿಡಿ. ಗೂಡು ಕಿತ್ತುಹೋಗಿದ್ದರೆ ತಳದಲ್ಲಿ ತೂತಿರುವ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ ಅದೇ ಬಳ್ಳಿಗೆ ಕಟ್ಟಿ, ದೂರ ಹೋಗಿ ನಿಲ್ಲಿ. ಮೈತುಂಬ ಗರಿ ಬಂದು, ಬಾಲ ಮಾತ್ರ ಮೊಟಕಾಗಿದ್ದು, ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದು ಬಿದ್ದ ಮರಿಯಲ್ಲ, ಹಾರಲು ಕಲಿಯುತ್ತಿರುವ ಮರಿ. ತಂದೆತಾಯಿ ಹತ್ತಿರದಲ್ಲೇ ಇದ್ದು ಅದಕ್ಕೆ ಗುಟುಕು ಕೊಡುತ್ತಿರುತ್ತವೆ. ಅಂಥ ಮರಿಯನ್ನು ಬೆಕ್ಕಿಗೆ ಎಟುಕದ ಕೊಂಬೆಯ ಮೇಲಿಟ್ಟು ಬಂದರೆ ನಿಮ್ಮ ಕೆಲಸ ಮುಗಿಯಿತು.

ಹಾಲಿನ ವಿಷಯ. ಹಾಲು ಸಸ್ತನಿಗಳ ಆಹಾರ, ಹಕ್ಕಿಯ ಹೊಟ್ಟೆಗೆ ಅದು ಒಗ್ಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಫಿಲ್ಲರ್‌ನದು. ಹಕ್ಕಿಯ ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸೀಳು ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ಅದು ಶ್ವಾಸನಾಳದ ಬಾಯಿ. ನಾವು ಮೇಲಿಂದ ಬಿಟ್ಟ ಹನಿ ನೇರವಾಗಿ ಅಲ್ಲಿಗೆ ಇಳಿದು ಶ್ವಾಸಕೋಶ ಸೇರುತ್ತದೆ. ಆದ್ದರಿಂದ ಬಿದ್ದ ಹಕ್ಕಿಯ ಬಾಯಿಗೆ ನೀರನ್ನೂ ಹಾಕಬೇಡಿ. ಬೆಕ್ಕು ಕಚ್ಚಿದ ಹಕ್ಕಿಯಾದರೆ, ಗಾಯ ಸೂಜಿಯ ಮೊನೆಯಷ್ಟಿದ್ದರೂ ಅದೇ ದಿನ ವೈದ್ಯರ ಬಳಿ ಕೊಂಡೊಯ್ಯಬೇಕು. ಬೆಕ್ಕಿನ ಬಾಯಿಯ ರೋಗಾಣುಗಳು ಒಂದೆರಡು ದಿನದಲ್ಲೇ ಹಕ್ಕಿಯನ್ನು ಕೊಲ್ಲುತ್ತವೆ.

ಪ್ರಶ್ನೆ: ನಮ್ಮೂರಿನಲ್ಲಿ ಕಬ್ಬು ಕಡಿಯುವಾಗ ಎರಡು ಚಿರತೆ ಮರಿಗಳು ಸಿಕ್ಕವು. ಅರಣ್ಯ ಇಲಾಖೆಯವರು ಅವನ್ನು ಕೊಂಡೊಯ್ಯುವ ಬದಲು ಸಂಜೆ ಅದೇ ಗದ್ದೆಯಲ್ಲಿ ಪೆಟ್ಟಿಗೆಯೊಳಗೆ ಇಟ್ಟು, ತಾಯಿ ಬಂದು ಒಯ್ಯುವಂತೆ ಮಾಡಿದರು. ಊರಿನವರಿಗೆ ಬಹಳ ಸಿಟ್ಟು ಬಂದಿದೆ. ಮರಿಗಳನ್ನು ಸಾಕಿ ದೊಡ್ಡ ಕಾಡಿಗೆ ಬಿಡಬಹುದಿತ್ತಲ್ಲ?
– ಕಬ್ಬು ಬೆಳೆಗಾರರು, ಮಂಡ್ಯ ಜಿಲ್ಲೆ

ಉತ್ತರ: ರಾತ್ರಿ ನೀರು ಹಾಯಿಸಲು ಗದ್ದೆಗೆ ಹೋಗುವವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಇಲಾಖೆಯವರು ಮಾಡಿದ್ದು ಸರಿ, ಊರಿನ ಸುರಕ್ಷತೆಯ ದೃಷ್ಟಿಯಿಂದಲೂ ಸರಿ. ಆಳೆತ್ತರದ ಕಬ್ಬು ಹೆಣ್ಣುಚಿರತೆಗೆ ಮರಿ ಹಾಕಲು ಒಳ್ಳೆಯ ಮರೆ. ಹಗಲಿನಲ್ಲಿ ಮರಿಗಳನ್ನು ಬಿಟ್ಟು ಅದು ಬೇರೆಡೆ ಹೋಗಿರುತ್ತದೆ, ಮರಿಗಳು ಅನಾಥವಲ್ಲ. ಮರಿಗಳನ್ನು ಎತ್ತಿಕೊಂಡು ಹೋದರೆ ಆ ತಾಯಿ ರಾತ್ರಿಯೆಲ್ಲ ಅಲ್ಲೇ ಹುಡುಕಾಡುತ್ತದೆ, ಕೆರಳುತ್ತದೆ, ಜನರಿಗೆ ಎದುರಾಗುವ ಸಾಧ್ಯತೆ ಹೆಚ್ಚುತ್ತದೆ. ಮಹಾರಾಷ್ಟ್ರದ ಜುನ್ನರ್ ಭಾಗದ ಕಬ್ಬಿನ ಗದ್ದೆಗಳಲ್ಲಿ ಇದೇ ಸಮಸ್ಯೆ ವರ್ಷ ವರ್ಷವೂ ಬರುತ್ತದೆ. ಅಲ್ಲಿ ಅರಣ್ಯ ಇಲಾಖೆ ಮತ್ತು ಮಾಣಿಕ್‌ಡೋಹ್‌ನ ಚಿರತೆ ರಕ್ಷಣಾ ಕೇಂದ್ರದವರು ಮರಿಗಳನ್ನು ತಾಯಿಗೆ ಸೇರಿಸುವುದನ್ನು ಒಂದು ಪದ್ಧತಿಯಾಗಿಯೇ ರೂಢಿಸಿಕೊಂಡಿದ್ದಾರೆ. ಪಶುವೈದ್ಯರು ಮರಿಗೆ ಗಾಯ, ಉಣ್ಣಿ, ನಿರ್ಜಲತೆ ಇದೆಯೇ ಎಂದು ನೋಡುತ್ತಾರೆ. ಮುಚ್ಚಳ ಸುಲಭವಾಗಿ ಉರುಳುವಂಥ ಪೆಟ್ಟಿಗೆಯಲ್ಲಿಟ್ಟು ಸಿಕ್ಕಿದ ಜಾಗದಲ್ಲೇ ಇಡುತ್ತಾರೆ. ಸುತ್ತ ಕ್ಯಾಮೆರಾ ಕಟ್ಟಿ ಜನರನ್ನು ದೂರವಿಡುತ್ತಾರೆ. ತಾಯಿ ಬಂದು ಮರಿಯ ಕುತ್ತಿಗೆ ಹಿಡಿದು ಒಂದೊಂದನ್ನಾಗಿ ಬೇರೆ ಮರೆಗೆ ಸಾಗಿಸುತ್ತದೆ. ಮೊದಲ ರಾತ್ರಿ ಬಾರದಿದ್ದರೆ ಮತ್ತೆ ಪ್ರಯತ್ನಿಸುತ್ತಾರೆ. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ ಮೊಬೈಲ್ ಹಿಡಿದು ನಿಂತ ಜನಸಂದಣಿ. ಹಾಗಾಗಿ ಸಿಬ್ಬಂದಿಯ ತರಬೇತಿಯಲ್ಲಿ ಮರಿಯನ್ನು ಹಿಡಿಯುವುದಕ್ಕಿಂತ ಊರವರೊಡನೆ ಮಾತನಾಡುವುದಕ್ಕೆ ಹೆಚ್ಚು ಹೊತ್ತು ಕೊಡಬೇಕೆಂದು ನಾನು ಒತ್ತಾಯಿಸುತ್ತೇನೆ.

ದೊಡ್ಡ ಕಾಡಿಗೆ ಬಿಡುವ ಮಾತು. ಅದೇ ಜುನ್ನರ್‌ನಲ್ಲಿ 2001ರಿಂದ 2003ರ ನಡುವೆ ಚಿರತೆಗಳು ಜನರ ಮೇಲೆ ಎರಗಿದ ಘಟನೆಗಳು ಏಕಾಏಕಿ ಹೆಚ್ಚಾದವು. ಹಿಡಿದ ಚಿರತೆಗಳನ್ನು ಬೇರೆಡೆಗೆ ಸಾಗಿಸಿ ಬಿಡುತ್ತಿದ್ದುದೇ ಅದಕ್ಕೆ ಮುಖ್ಯ ಕಾರಣವೆಂದು ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಅವರ ಅಧ್ಯಯನ ತೋರಿಸಿತು. ಇನ್ನು ಕೈಯಲ್ಲಿ ಸಾಕಿದ ಮರಿಗೆ ಬೇಟೆಯನ್ನು ಕಲಿಸುವವರಿಲ್ಲ, ಜನರ ಭಯವೂ ಇರುವುದಿಲ್ಲ. ಅದು ಬಹುಮಟ್ಟಿಗೆ ಜೀವನಪರ್ಯಂತ ಪಂಜರದಲ್ಲೇ ಇರಬೇಕಾಗುತ್ತದೆ. ಅಪರೂಪಕ್ಕೆ ಬೇರೆ ರೀತಿಯೂ ಆಗಿದೆ. ಮಧ್ಯಪ್ರದೇಶದ ಕಾನ್ಹಾದಲ್ಲಿ ತಾಯಿ ಸತ್ತ ಎರಡು ಹೆಣ್ಣುಹುಲಿ ಮರಿಗಳನ್ನು ವಿಶಾಲವಾದ ಬೇಲಿಯೊಳಗೆ, ಜನರ ಸಂಪರ್ಕವಿಲ್ಲದಂತೆ ಬೆಳೆಸಿ, ಜೀವಂತ ಬೇಟೆಯನ್ನು ತಾವೇ ಹಿಡಿಯುವಂತೆ ಮಾಡಿ, 2011ರಲ್ಲಿ ಪನ್ನಾ ಕಾಡಿಗೆ ಬಿಟ್ಟರು. ಹುಲಿಯೇ ಇಲ್ಲವಾಗಿದ್ದ ಪನ್ನಾದಲ್ಲಿ ಅವು ಮರಿ ಹಾಕಿದವು. ಆದರೆ ಅದಕ್ಕೆ ಹಿಡಿದ ವರ್ಷಗಳು, ಬೇಕಾದ ಜಾಗ ಮತ್ತು ಜನ ಎಷ್ಟೆಂದು ನೋಡಿದರೆ, ತಾಯಿ ಬದುಕಿರುವಾಗ ಮರಿಯನ್ನು ಅದಕ್ಕೇ ಒಪ್ಪಿಸುವುದು ಎಷ್ಟು ದೊಡ್ಡ ಉಪಕಾರವೆಂದು ತಿಳಿಯುತ್ತದೆ. ಕಟಾವನ್ನು ಆ ಭಾಗದಲ್ಲಿ ಒಂದೆರಡು ದಿನ ತಡೆದುಕೊಂಡ ನಿಮ್ಮೂರಿನ ರೈತರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ನಾನು ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯ. ದಿನವೂ ನೋಡುವುದು ಹಸು, ಎಮ್ಮೆ, ಕುರಿ. ಆಷಾಢದ ಗಾಳಿಪಟದ ಕಾಲದಲ್ಲಿ ಮಾಂಜಾ ದಾರ ಸುತ್ತಿಕೊಂಡ ಹದ್ದುಗಳನ್ನು ತರುತ್ತಾರೆ. ಕಾಲೇಜಿನಲ್ಲಿ ಇದನ್ನು ನಾವು ಹೆಚ್ಚಾಗಿ ಕಲಿತಿಲ್ಲ. ಯಾವುದಕ್ಕೆ ಎಚ್ಚರ ವಹಿಸಬೇಕು?
– ಪಶುವೈದ್ಯರು, ಬೆಂಗಳೂರು ಗ್ರಾಮಾಂತರ ಜಿಲ್ಲೆ

ಉತ್ತರ: ಸಹೋದ್ಯೋಗಿಗಳ ಈ ಪ್ರಶ್ನೆ ನನಗೆ ಬಹಳ ಸಮಾಧಾನ ತಂದಿತು, ಏಕೆಂದರೆ ಗಾಯಗೊಂಡ ಹಕ್ಕಿ ಮೊದಲು ತಲುಪುವುದು ನಿಮ್ಮ ಮೇಜಿಗೇ. ಗಾಜಿನ ಪುಡಿ ಲೇಪಿಸಿದ ದಾರ ಮತ್ತು ನೈಲಾನ್ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದ್ದರೂ ಅದು ಇಂದಿಗೂ ಮಾರಾಟವಾಗುತ್ತಿದೆ.

ಹಿಡಿಯುವ ರೀತಿಯಿಂದ ಆರಂಭಿಸೋಣ. ಹದ್ದಿನ ಅಪಾಯ ಕೊಕ್ಕಿನಲ್ಲಲ್ಲ, ಕಾಲುಗುರಿನಲ್ಲಿದೆ. ತಲೆಯ ಮೇಲೆ ಟವೆಲ್ ಹಾಕಿ ಕತ್ತಲು ಮಾಡಿ, ಎರಡೂ ಕಾಲುಗಳನ್ನು ತೊಡೆಯ ಬಳಿ ಹಿಡಿದುಕೊಳ್ಳಿ. ಎದೆಯನ್ನು ಅದುಮಿ ಹಿಡಿಯಲೇಬಾರದು. ಹಕ್ಕಿಗೆ ನಮ್ಮಂತೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುಪರದೆಯಾದ ವಪೆಯಿಲ್ಲ, ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಅದಕ್ಕೆ ಉಸಿರು. ಭದ್ರವಾಗಿ ಹಿಡಿದುಕೊಂಡೆವೆಂದು ನಾವು ತಿಳಿಯುವಷ್ಟರಲ್ಲಿ ಅದು ಉಸಿರುಕಟ್ಟಿ ಸತ್ತಿರುತ್ತದೆ. ದಾರವನ್ನು ಎಳೆಯಬೇಡಿ, ಸಿಕ್ಕಿದಲ್ಲೆಲ್ಲ ಕತ್ತರಿಸಿ, ತುಂಡುಗಳನ್ನು ಚಿಮುಟದಿಂದ ಬಿಡಿಸಿ. ರೆಕ್ಕೆಯನ್ನು ಮೆಲ್ಲನೆ ಬಿಡಿಸಿ ಬೆಳಕಿಗೆ ಹಿಡಿದರೆ, ಭುಜದಿಂದ ಮಣಿಕಟ್ಟಿನವರೆಗೆ ಚಾಚಿದ ತೆಳು ಚರ್ಮದ ಪೊರೆ ಕಾಣುತ್ತದೆ. ಮಾಂಜಾ ಮೊದಲು ಕೊಯ್ಯುವುದು ಅದನ್ನೇ. ಅದರ ಅಂಚಿನಲ್ಲಿ ಓಡುವ ಸ್ನಾಯುರಜ್ಜು ತುಂಡಾಗಿದೆಯೇ ಎಂಬುದರ ಮೇಲೆ ಹಕ್ಕಿ ಮತ್ತೆ ಹಾರುವುದೋ ಇಲ್ಲವೋ ನಿಂತಿದೆ. ಭುಜದ ಮೂಳೆ ಮುರಿದು ಹೊರಗೆ ಬಂದಿದ್ದರೆ, ಹಸುವಿನ ಗಾಯ ತೊಳೆದ ಹಾಗೆ ನೀರು ಚಿಮ್ಮಿಸಿ ತೊಳೆಯಬೇಡಿ. ಆ ಮೂಳೆ ಪೊಳ್ಳು, ಅದು ಗಾಳಿಚೀಲಕ್ಕೆ ಸೇರಿಕೊಂಡಿದೆ, ಒಳಗೆ ಹೋದ ನೀರು ಹಕ್ಕಿಯನ್ನು ಮುಳುಗಿಸಿದಂತೆಯೇ. ರೆಕ್ಕೆಯನ್ನು ಮಡಿಸಿ ಎಂಟರ ಆಕಾರದ ಪಟ್ಟಿ ಕಟ್ಟಿ, ಅದನ್ನು ವಾರಗಟ್ಟಲೆ ಬಿಟ್ಟರೆ ಕೀಲು ಮತ್ತು ಪೊರೆ ಬಿಗಿದುಕೊಳ್ಳುತ್ತವೆ. ನಡುನಡುವೆ ಬಿಚ್ಚಿ, ಅರಿವಳಿಕೆಯಲ್ಲಿ ರೆಕ್ಕೆಯನ್ನು ಚಾಚಿಸಬೇಕು.

ಔಷಧದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಡೈಕ್ಲೋಫೆನಾಕ್ ಬೇಡ. ಅದು ಸೇರಿದ ದನದ ಹೆಣವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು, ದೇಶದ ರಣಹದ್ದುಗಳೇ ಅಳಿದುಹೋಗುವ ಸ್ಥಿತಿ ಬಂತು. 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಲಾಯಿತು. ನೋವಿಗೆ ಮೆಲಾಕ್ಸಿಕಾಮ್ ಇದೆ, ಹಕ್ಕಿಗೂ ಹಸುವಿಗೂ ಅದೇ ಇರಲಿ. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ರಣಹದ್ದುಗಳು ನಿಮ್ಮ ಜಿಲ್ಲೆಗೆ ದೂರವೇನೂ ಅಲ್ಲ.

ಗಾಯ ಮಾಗುವುದಕ್ಕೂ ಹಕ್ಕಿ ಗುಣವಾಗುವುದಕ್ಕೂ ವ್ಯತ್ಯಾಸವಿದೆ. ಹದ್ದು ಉದ್ದನೆಯ ಹಾರಾಟದ ಕೋಣೆಯಲ್ಲಿ ಹಾರಿ, ತಿರುಗಿ, ಎತ್ತರದ ಕೋಲಿನ ಮೇಲೆ ಸಲೀಸಾಗಿ ಇಳಿಯಬೇಕು, ಇಳಿದ ಮೇಲೆ ಬಾಯಿ ತೆರೆದು ಏದುಸಿರು ಬಿಡಬಾರದು. ರೆಕ್ಕೆಯ ದೊಡ್ಡ ಗರಿಗಳು ತುಂಡಾಗಿದ್ದರೆ ಮುಂದಿನ ಗರಿ ಉದುರುವ ಕಾಲದವರೆಗೆ ಕಾಯಬೇಕಾದೀತು. ಇಲ್ಲವೇ, ಸತ್ತ ಹದ್ದಿನ ಅದೇ ಸ್ಥಾನದ ಗರಿಯನ್ನು ಕತ್ತರಿಸಿ, ಬಿದಿರಿನ ಸಣ್ಣ ಕಡ್ಡಿಯನ್ನು ಎರಡೂ ಕಡೆಯ ಪೊಳ್ಳಿನೊಳಗೆ ಸೇರಿಸಿ ಅಂಟಿಸುವ ಹಳೆಯ ವಿದ್ಯೆಯೊಂದಿದೆ. ಹದ್ದು, ಗಿಡುಗ ಸಾಕುತ್ತಿದ್ದ ಬೇಟೆಗಾರರಿಂದ ಬಂದದ್ದು ಅದು. ಆ ಕಡ್ಡಿಯನ್ನು ಕೂದಲಿನಷ್ಟು ನಯವಾಗಿ ಕೆತ್ತುವುದನ್ನು ಕಲಿಯಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ನಿಮ್ಮ ಆಸ್ಪತ್ರೆಯಲ್ಲಿ ಇಷ್ಟೆಲ್ಲ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ರಕ್ತ ನಿಲ್ಲಿಸಿ, ನೋವಿನ ಔಷಧ ಕೊಟ್ಟು, ರೆಕ್ಕೆ ಕಟ್ಟಿ, ಅರಣ್ಯ ಇಲಾಖೆಯ ಮೂಲಕ ಕೇಂದ್ರಕ್ಕೆ ಕಳುಹಿಸಿದರೆ ಅರ್ಧ ಜೀವ ಉಳಿಸಿದಂತೆ.

ಪ್ರಶ್ನೆ: ನಮ್ಮ ತೋಟದಂಚಿಗೆ ಕಾಯಿಲೆಯ ಮಂಗವೊಂದು ಬಂದು ಕೂತಿದೆ. ಹಣ್ಣು, ನೀರು ಕೊಟ್ಟು ಆರೈಕೆ ಮಾಡಬಹುದೇ?
– ಅಡಿಕೆ ಬೆಳೆಗಾರರು, ಸಾಗರ

ಉತ್ತರ: ದಯವಿಟ್ಟು ಹತ್ತಿರ ಹೋಗಬೇಡಿ. 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು. ರೋಗ ಹರಡುವುದು ಉಣುಗಿನಿಂದ; ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ತರಗೆಲೆಗೆ ಸೇರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ಇವತ್ತೇ ತಿಳಿಸಿ. ದನಗಳನ್ನು, ನಾಯಿಯನ್ನು ಆ ಕಡೆ ಬಿಡಬೇಡಿ. ತರಗು ಗುಡಿಸಲು ಹೋಗುವವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಲಿ. ತರಬೇತಿ ಪಡೆದ ನಾವು ಕೂಡ ಡಿಸೆಂಬರ್‌ನಿಂದ ಮೇವರೆಗಿನ ತಿಂಗಳುಗಳಲ್ಲಿ ಮಲೆನಾಡಿನ ಮಂಗವನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ.

ಪ್ರಶ್ನೆ: ಹತ್ತು ವರ್ಷದಿಂದ ಮನೆಗಳಿಗೆ ಬಂದ ಹಾವುಗಳನ್ನು ಹಿಡಿದು ದೂರದ ಕಾಡಿಗೆ ಬಿಡುತ್ತಿದ್ದೇನೆ. ಗಾಯಗೊಂಡ ಹಾವುಗಳ ಆರೈಕೆಯನ್ನೂ ಕಲಿಯಬೇಕೆಂದಿದೆ. ಅನುಭವ ಇರುವವರಿಗೂ ತರಬೇತಿ ಬೇಕೇ?
– ಉರಗ ರಕ್ಷಕ, ಉಡುಪಿ ಜಿಲ್ಲೆ

ಉತ್ತರ: ಬೇಕು. ಕೇರಳದ ಅರಣ್ಯ ಇಲಾಖೆ ಹಾವು ಹಿಡಿಯುವವರಿಗೆ ತರಬೇತಿ ಕೊಟ್ಟು, ಪ್ರಮಾಣಪತ್ರ ಪಡೆದವರನ್ನು ಸರ್ಪ ಎಂಬ ಆ್ಯಪ್ ಮೂಲಕ ಜನರಿಗೆ ಜೋಡಿಸುತ್ತಿದೆ. ಕೊಕ್ಕೆಯಿಂದ ದಾರಿ ತೋರಿಸಿ, ಕೊಳವೆ ಜೋಡಿಸಿದ ಚೀಲಕ್ಕೆ ಹಾವು ತಾನೇ ನುಗ್ಗುವಂತೆ ಮಾಡುವುದು ಅಲ್ಲಿನ ಪಾಠದ ಮುಖ್ಯ ಅಂಶ. ಹೆಡೆ ಹಿಡಿದು ಜನರಿಗೆ ತೋರಿಸುವುದಕ್ಕೆ ಅದರಲ್ಲಿ ಜಾಗವಿಲ್ಲ. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ ತಯಾರಾದದ್ದು, ಕಾಳಿಂಗಕ್ಕೆ ಅದು ನಡೆಯುವುದಿಲ್ಲ ಎಂಬುದನ್ನು ಕರಾವಳಿಯ ನೀವು ಸದಾ ನೆನಪಿಟ್ಟುಕೊಳ್ಳಬೇಕು.

ದೂರದ ಕಾಡಿಗೆ ಬಿಡುವುದನ್ನು ನಿಲ್ಲಿಸಿ. ಹಾವಿಗೆ ತನ್ನ ಬಿಲ, ನೀರು, ಇಲಿಯ ದಾರಿ ಎಲ್ಲವೂ ಗೊತ್ತಿರುವುದು ತನ್ನ ನೆಲೆಯಲ್ಲಿ ಮಾತ್ರ. ಆಗುಂಬೆಯಲ್ಲಿ ಕಾಳಿಂಗ ಸರ್ಪಗಳಿಗೆ ರೇಡಿಯೊ ಸಾಧನ ಅಳವಡಿಸಿ ಗಮನಿಸಿದಾಗ, ಸಾಗಿಸಿ ಬಿಟ್ಟ ಹಾವು ನೆಲೆ ನಿಲ್ಲದೆ ಬಹುದೂರ ಅಲೆದಾಡಿದ್ದು ಕಂಡುಬಂತು. ಹತ್ತಿರದಲ್ಲೇ ಮರೆಯಿರುವ ಜಾಗಕ್ಕೆ ಬಿಡುವುದು ಒಳ್ಳೆಯದು. ಇನ್ನು ಗಾಯದ ವಿಚಾರ. ತೋಟದ ನೈಲಾನ್ ಬಲೆಯಲ್ಲಿ ಸಿಕ್ಕಿಬಿದ್ದ ಹಾವಿನ ತಲೆಯನ್ನು ಮೊದಲು ಪಾರದರ್ಶಕ ಕೊಳವೆಯೊಳಗೆ ಸೇರಿಸಿ, ಆಮೇಲೆ ಮೊಂಡು ತುದಿಯ ಕತ್ತರಿಯಿಂದ ಒಂದೊಂದೇ ಎಳೆಯನ್ನು ಕತ್ತರಿಸಬೇಕು. ಬಿಡಿಸಿದ ಕೂಡಲೇ ಹಾವು ಚೆನ್ನಾಗಿಯೇ ಕಾಣುತ್ತದೆ, ಎಲ್ಲರೂ ಬಿಟ್ಟುಬಿಡುತ್ತಾರೆ. ಎಳೆ ಬಿಗಿದಿದ್ದ ಜಾಗದಲ್ಲಿ ರಕ್ತ ಓಡದೆ ಚರ್ಮ ಕೊಳೆಯುವುದು ಕೆಲವು ದಿನಗಳ ನಂತರ. ಆದ್ದರಿಂದ ವೈದ್ಯರಿಗೆ ತೋರಿಸಿ ಇಲಾಖೆಯ ಅನುಮತಿಯೊಂದಿಗೆ ಕೆಲವು ದಿನ ನಿಗಾದಲ್ಲಿಡಬೇಕು. ಅನುಮತಿ ಎಂದಾಗ ಎಲ್ಲ ಓದುಗರಿಗೂ ಒಂದು ವಿಷಯ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದು ನಿಮ್ಮ ಕೈಗೆ ಬಂದರೆ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯಾಧಿಕಾರಿಗೆ ತಿಳಿಸಲೇಬೇಕು. ದಯೆಯಿಂದ ಇಟ್ಟುಕೊಂಡಿದ್ದೆ ಎಂಬುದು ಕಾನೂನಿನ ಮುಂದೆ ಉತ್ತರವಾಗುವುದಿಲ್ಲ.

ಪ್ರಶ್ನೆ: ಆರು ತಿಂಗಳಿಂದ ಒಂದು ಕೇಂದ್ರದಲ್ಲಿ ಸ್ವಯಂಸೇವಕಿಯಾಗಿದ್ದೇನೆ. ಬಂದವುಗಳಲ್ಲಿ ಅನೇಕ ಸಾಯುತ್ತವೆ, ಕೆಲವಕ್ಕೆ ವೈದ್ಯರೇ ದಯಾಮರಣ ಕೊಡುತ್ತಾರೆ. ರಾತ್ರಿ ನಿದ್ದೆ ಬರುವುದಿಲ್ಲ. ನಾನು ಈ ಕೆಲಸಕ್ಕೆ ತಕ್ಕವಳಲ್ಲವೇ?
– ಸ್ವಯಂಸೇವಕಿ, ಬೆಂಗಳೂರು

ಉತ್ತರ: ನಿದ್ದೆ ಬಾರದಿರುವುದು ನೀವು ತಕ್ಕವರಲ್ಲ ಎಂಬುದಕ್ಕೆ ಗುರುತಲ್ಲ. ವಿದ್ಯುತ್ ತಂತಿ ತಗುಲಿ ಎರಡೂ ಕೈ ಸುಟ್ಟ ಕಾಡುಪಾಪವನ್ನು ನೆನೆಸಿಕೊಳ್ಳಿ. ಕೊಂಬೆಯನ್ನು ಬಿಗಿಯಾಗಿ ಹಿಡಿದು ಮೆಲ್ಲಮೆಲ್ಲನೆ ಸಾಗುವುದೇ ಅದರ ಬದುಕು. ಹಿಡಿಯಲು ಕೈಯೇ ಉಳಿಯದ ಅದಕ್ಕೆ ಕಾಡೂ ಇಲ್ಲ, ಪಂಜರದಲ್ಲಿ ನೆಮ್ಮದಿಯೂ ಇಲ್ಲ. ವೈದ್ಯರು ಇಲಾಖೆಯ ಒಪ್ಪಿಗೆ ಪಡೆದು ಅಂಥ ಪ್ರಾಣಿಯ ನೋವನ್ನು ಕೊನೆಗಾಣಿಸುವುದೂ ಚಿಕಿತ್ಸೆಯ ಭಾಗವೇ. ಆ ನಿರ್ಧಾರದ ಕಾರಣಗಳನ್ನು ನಿಮಗೆ ಕೂರಿಸಿಕೊಂಡು ವಿವರಿಸಬೇಕಾದದ್ದು ವೈದ್ಯರ ಕರ್ತವ್ಯ. ವಿವರಿಸಿಲ್ಲವಾದರೆ ಸಂಕೋಚವಿಲ್ಲದೆ ಕೇಳಿ. ಸತ್ತ ಪ್ರಾಣಿಯ ಮರಣೋತ್ತರ ಪರೀಕ್ಷೆ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಲು ಅನುಮತಿ ಕೇಳಿ. ನನ್ನ ವಿದ್ಯಾರ್ಥಿಗಳಲ್ಲಿ ಹಲವರಿಗೆ, ಹೊರಗೆ ಗಾಯವೇ ಕಾಣದ ಹಕ್ಕಿಯ ಒಳಗೆ ರಕ್ತ ತುಂಬಿದ್ದನ್ನು ಕಂಡ ಮೇಲೆ, ತಾವು ಏನೋ ತಪ್ಪು ಮಾಡಿದೆವೆಂಬ ಕೊರಗು ಹೋಗಿದೆ. ಮರಿಗಳ ಕಾಲದಲ್ಲಿ ಸತತವಾಗಿ ರಾತ್ರಿ ಪಾಳಿ ಮಾಡಬೇಡಿ, ವಾರಕ್ಕೊಂದು ದಿನ ಕೇಂದ್ರದ ಫೋನನ್ನೂ ಎತ್ತಬೇಡಿ. ಸಾಧ್ಯವಾದರೆ ಬಿಡುಗಡೆಯ ದಿನ ನಿಮ್ಮನ್ನು ಕರೆದೊಯ್ಯಲು ಹೇಳಿ. ಪಂಜರ ತೊಳೆದವರನ್ನು ಬಿಟ್ಟು ಅತಿಥಿಗಳನ್ನು ಮಾತ್ರ ಬಿಡುಗಡೆಗೆ ಕರೆದೊಯ್ಯುವ ರೂಢಿ ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳನ್ನು ಪುನರ್ವಸತಿ ಕೇಂದ್ರಕ್ಕೆ ಕರೆತಂದು ಮರಿಗಳನ್ನು ಮುಟ್ಟಿ ನೋಡಲು ಅವಕಾಶ ಸಿಗುವುದೇ?
– ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಮುಟ್ಟಲು ಅವಕಾಶವಿಲ್ಲ ಮೇಷ್ಟ್ರೇ, ಮತ್ತು ಮಕ್ಕಳಿಗೆ ಅದರ ಕಾರಣವನ್ನು ಹೇಳಿದರೆ ಅವರು ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ. ಶ್ರೀಲಂಕಾದ ಉಡವಲವೆಯಲ್ಲಿ 1995ರಿಂದ ಅನಾಥ ಆನೆಮರಿಗಳ ಕೇಂದ್ರವಿದೆ. ಮರಿಗಳಿಗೆ ಹಾಲು ಕುಡಿಸುವುದನ್ನು ಜನ ದೂರದ ಕಟ್ಟೆಯಿಂದಷ್ಟೇ ನೋಡಬಹುದು, ಮುಟ್ಟುವಂತಿಲ್ಲ. ಅಲ್ಲಿಂದ ನೂರಕ್ಕೂ ಹೆಚ್ಚು ಆನೆಗಳು ಕಾಡು ಸೇರಿವೆ.

ಮಕ್ಕಳಿಂದ ಬೇರೊಂದು ಕೆಲಸ ಮಾಡಿಸಿ. ಮುಚ್ಚಳವಿರುವ ರಟ್ಟಿನ ಪೆಟ್ಟಿಗೆಗೆ ಪೆನ್ಸಿಲ್ ಗಾತ್ರದ ತೂತುಗಳನ್ನು ಒಳಗಿನಿಂದ ಹೊರಕ್ಕೆ ಚುಚ್ಚಿಸಿ, ಆಗ ಚೂಪಾದ ಅಂಚು ಒಳಗೆ ಉಳಿಯುವುದಿಲ್ಲ. ತಳಕ್ಕೆ ಹಳೆಯ ಹತ್ತಿ ಬಟ್ಟೆ ಹಾಸಿ. ನೂಲು ಎದ್ದ ಟವೆಲ್ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ: ಸಿಕ್ಕಿದ ಜಾಗ, ಸಿಕ್ಕಿದ ಹೊತ್ತು, ಏನಾಗಿತ್ತು, ಬಾಯಿಗೆ ಏನಾದರೂ ಹಾಕಿದ್ದೀರಾ. ಹೊರಬದಿಗೆ ಅರಣ್ಯ ಸಹಾಯವಾಣಿ 1926, ಜೊತೆಗೆ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಯ ದೂರವಾಣಿ ಸಂಖ್ಯೆ ಬರೆಯಿಸಿ. ಮಳೆಗಾಲಕ್ಕೆ ಮುನ್ನ ಇಂಥ ಎರಡು ಪೆಟ್ಟಿಗೆ ಸಿದ್ಧವಿರಲಿ, ಒಂದು ಶಾಲೆಯಲ್ಲಿ, ಇನ್ನೊಂದು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ.